ಹೊರಗೆ ಕೂತ ನೀಲಿ ಮೀನು

ಆ ನೀಲಿ ಮೀನು ನನ್ನ ಕೈಯಿಂದ ಒಂದು ತುತ್ತೂ ತಿನ್ನಲಿಲ್ಲ, ಅವನ ಕೈಯಿಂದ ತಿಂತು. ಅದೂ ನನ್ನ ಕಣ್ಣೆದುರಿಗೇ. ಇಷ್ಟು ವರ್ಷ ಆದಮೇಲೂ ನೆನೆಸಿಕೊಂಡರೆ ಹೊಟ್ಟೆಯೊಳಗೆ ಒಲೆ ಹಚ್ಚಿದ ಹಾಗಾಗುತ್ತೆ. ಆದರೆ ಅಲ್ಲಿಂದ ಶುರು ಮಾಡಿದರೆ ಓದೋರಿಗೆ ತಲೆಬುಡ ತಿಳಿಯಲ್ಲ, ಸ್ವಲ್ಪ ಹಿಂದಿನಿಂದಲೇ ಹೇಳ್ತೀನಿ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಚಾಮರಾಜಪೇಟೆಯ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗಿರಾಕಿಗಳ ಮನೆಗೆ, ಆಫೀಸಿಗೆ ಹೋಗಿ ಮೀನಿನ ಟ್ಯಾಂಕ್ ನೋಡಿಕೊಳ್ಳೋದು ನನ್ನ ಪಾಲು. ಗೋಲ್ಡ್‌ಫಿಶ್ ಸಾಕೋರು ಬೀದಿಗೊಬ್ಬರಿದ್ದರು. ಉಪ್ಪುನೀರಿನ ಟ್ಯಾಂಕ್ ಇಟ್ಟ ಗಿರಾಕಿ ಮಾತ್ರ ನಮಗೆ ಒಬ್ಬರೇ, ಮಲ್ಲೇಶ್ವರದ ಮಕ್ಕಳ ಡಾಕ್ಟರಮ್ಮ. ಹಳೇ ಕಾಲದ ಮನೆ. ಮುಂದಿನ ಹಜಾರವೇ ಕ್ಲಿನಿಕ್, ಹಿಂದೆ ಡಾಕ್ಟರಮ್ಮ ಮತ್ತು ಅವರ ಅತ್ತೆ. ಹಜಾರದ ಗೋಡೆಗೆ ನಾಲ್ಕಡಿ ಉದ್ದದ ಟ್ಯಾಂಕ್. ಸೂಜಿ ಅಂದರೆ ಊರು ಕೇಳೋ ಹಾಗೆ ಕಿರುಚೋ ಮಕ್ಕಳು ಅದರ ಮುಂದೆ ನಿಂತರೆ ಸುಮ್ಮನಾಗೋವು.

ಆ ಟ್ಯಾಂಕಿನ ನಡುವೆ ಒಂದು ಅನೆಮೊನಿ ಇತ್ತು. ನೋಡೋಕೆ ಹೂವು, ಅಸಲಿಗೆ ಅದೂ ಒಂದು ಪ್ರಾಣಿ. ಬಂಡೆಗೆ ಪಾದ ಅಂಟಿಸಿಕೊಂಡು, ಮೈತುಂಬ ಬೆರಳು ಆಡಿಸ್ತಾ ಕೂತಿರುತ್ತೆ. ಕಿತ್ತಳೆ ಬಣ್ಣದ ಜೋಡಿ ಕ್ಲೌನ್ ಮೀನುಗಳು ಅದರೊಳಗೇ ಮಲಗೋವು, ಅದರೊಳಗೇ ಏಳೋವು. ಕ್ಲಿನಿಕ್ಕಿಗೆ ಬರೋ ಮಕ್ಕಳೆಲ್ಲ ಅದನ್ನ ಹೂವು ಅಂತಿದ್ದರು, ನಾನೂ ಹಾಗೇ ಅಂತೀನಿ. ತಂದಾಗ ಕುಂಕುಮದ ಭರಣಿಯಷ್ಟಿತ್ತು. ಸಿಗಡಿ ಚೂರು ತಿನ್ನಿಸಿ, ಲೈಟು ಬದಲಾಯಿಸಿ, ಉಪ್ಪಿನ ಹದ ನೋಡಿ ನೋಡಿ, ಊಟದ ತಟ್ಟೆಯಷ್ಟು ಅಗಲ ಮಾಡಿದ್ದೆ. ಟ್ಯಾಂಕ್ ಡಾಕ್ಟರಮ್ಮನದು, ಹೂವು ನನ್ನದು. ಹೀಗಂತ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಅದೇ ಲೆಕ್ಕ.

ಅಷ್ಟರಲ್ಲಿ ಅಂಗಡಿಗೆ ಅವನು ಬಂದ. ಹುಟ್ಟಿ ಬೆಳೆದದ್ದೆಲ್ಲ ತ್ಯಾಗರಾಜನಗರವೇ, ಆದರೆ ಮದರಾಸಿನಲ್ಲಿ ಮೀನು ರಫ್ತು ಮಾಡೋ ಕಡೆ ಕೆಲವು ವರ್ಷ ಇದ್ದು ಬಂದಿದ್ದ. ಅಷ್ಟಕ್ಕೇ ಎಲ್ಲರ ಬಾಯಲ್ಲೂ ಮದರಾಸಿನವನು ಆಗಿಬಿಟ್ಟ. ಸೇರಿದಾಗಿನಿಂದ ನಾನು ಸ್ಟೂಲಿನ ಮೇಲೆ ಕೂತವಳು. ಅವನು ಬಂದ ವಾರಕ್ಕೇ ಅಂಗಡಿ ಯಜಮಾನರು ತಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಸಿದರು. ನಾನು ಏನು ಹೇಳಿದರೂ "ಇರು, ಅವನನ್ನ ಒಂದು ಮಾತು ಕೇಳೋಣ" ಅನ್ನೋರು. ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು, ಬಾಯಿ ತುಂಬ "ಅಕ್ಕಾ" ಅಂತಿದ್ದ. ಜಗಳಗಂಟನಾಗಿದ್ದರೆ ನೆಮ್ಮದಿಯಾಗಿ ಬೈಕೊಂಡಾದರೂ ಇರಬಹುದಿತ್ತು. ಆ ಪುಣ್ಯಾತ್ಮ ಹಾಗೂ ಇರಲಿಲ್ಲ.

ಆ ಸಲದ ಆಯುಧಪೂಜೆಗೆ ಟ್ಯಾಂಕಿನಲ್ಲಿ ಒಂದು ನೀಲಿ ಟ್ಯಾಂಗ್ ಮೀನು ಇರಬೇಕು ಅಂತ ಡಾಕ್ಟರಮ್ಮ ಆಸೆಪಟ್ಟರು. ಅವರ ಮನೆಯಲ್ಲಿ ಆಯುಧಪೂಜೆ ಜೋರು. ಸ್ಟೆತಸ್ಕೋಪು, ಮಕ್ಕಳನ್ನ ತೂಗೋ ಯಂತ್ರ, ಕೊನೆಗೆ ಮೀನಿನ ಟ್ಯಾಂಕಿಗೂ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕೋರು. ಮದರಾಸಿನವನು ಒಂದು ಫೋನ್ ಮಾಡಿ ರೈಲಿನಲ್ಲಿ ಮೀನು ತರಿಸಿಯೇಬಿಟ್ಟ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಅಂಗೈಯಗಲದ ಮೀನು, ಹಳದಿ ಬಾಲ. ಎಂಥ ನೀಲಿ ಅಂತೀರಿ! ಅಂಥದ್ದನ್ನ ತರಿಸೋಕೆ ನನಗೆ ಯಾರೂ ಗುರುತಿನವರಿರಲಿಲ್ಲ, ಅದೂ ಒಂದು ಉರಿ.

ಚೀಲ ಹಿಡಿದುಕೊಂಡು ಸೀದಾ ಕ್ಲಿನಿಕ್ಕಿಗೇ ಬಂದ. ನಾನು ಟ್ಯಾಂಕಿನ ಗಾಜು ಒರೆಸ್ತಿದ್ದೆ.

"ಸಿಹಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೈಮೇಲೆ ಹುಳ ಇದ್ರೆ ಉದುರಿಸಿ, ಬಿಟ್ಬಿಡೋಣ ಅಕ್ಕಾ. ಪೂಜೆ ಹೊತ್ತಿಗೆ ಹೊಂದ್ಕೊಂಡಿರುತ್ತೆ."

"ಬಿಟ್ರೆ ನಿನ್ನ ಕೈ ಮುರೀತೀನಿ," ಅಂದೆ. ಕಾಯ್ತಾ ಕೂತಿದ್ದ ತಾಯಂದಿರೆಲ್ಲ ತಿರುಗಿ ನೋಡಿದರು.

"ಮದರಾಸಲ್ಲಿ ದಿನಾ ಹೀಗೇ ಮಾಡ್ತಿದ್ವಿ ಅಕ್ಕಾ, ಏನೂ ಆಗ್ತಿರ್ಲಿಲ್ಲ."

"ಅಲ್ಲಿ ಇವತ್ತು ಬಂದ ಮೀನು ನಾಳೆ ವಿಮಾನ ಹತ್ತುತ್ತೆ. ಸತ್ರೂ ಕೊಂಡೋರ ಮನೇಲಿ ಸಾಯುತ್ತೆ. ಇದು ಇಲ್ಲೇ ಇರ್ಬೇಕು, ನನ್ನ ಹೂವಿನ ಪಕ್ಕ."

ಸಮುದ್ರದಿಂದ ಬಂದ ಮೀನಿನ ಮೈಮೇಲೆ ಕಣ್ಣಿಗೆ ಕಾಣದ ಜೀವಿ ಇರಬಹುದು. ಅದರಿಂದ ಬರೋದಕ್ಕೆ ಬಿಳಿಚುಕ್ಕೆ ರೋಗ ಅಂತೀವಿ. ಒಂದು ಸಲ ಟ್ಯಾಂಕಿನೊಳಗೆ ಹೊಕ್ಕಿತೋ, ಮರಳಲ್ಲಿ ಬಂಡೆಯಲ್ಲಿ ಅವಿತುಕೊಂಡು ಮತ್ತೆ ಮತ್ತೆ ಹುಟ್ಟುತ್ತೆ. ಅದಕ್ಕೆ ನಂಬಬಹುದಾದ ಔಷಧಿ ತಾಮ್ರ. ಹದ ನೋಡಿ ಹಾಕಿದರೆ ಮೀನು ತಡೆದುಕೊಳ್ಳುತ್ತೆ. ಹೂವಿಗೆ, ಸಿಗಡಿಗೆ, ಬಸವನಹುಳುವಿಗೆ ಅದು ವಿಷ. ಹೂವಿರೋ ಟ್ಯಾಂಕಿಗೆ ರೋಗ ಬಂದರೆ ಔಷಧಿ ಹಾಕೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಹಾಗಾಗಿ ಹೊಸ ಮೀನನ್ನ ಕೆಲವು ವಾರ ಬೇರೆ ಟ್ಯಾಂಕಿನಲ್ಲಿಟ್ಟು, ರೋಗ ಇದ್ದರೆ ಅಲ್ಲೇ ವಾಸಿ ಮಾಡಿ, ಆಮೇಲೆ ಒಳಗೆ ಬಿಡಬೇಕು. ಇದನ್ನೆಲ್ಲ ಡಾಕ್ಟರಮ್ಮನಿಗೆ ಒಂದೇ ಉಸಿರಿನಲ್ಲಿ ಹೇಳಿದೆ.

"ಅರ್ಥ ಆಯ್ತು, ಕ್ವಾರಂಟೈನ್," ಅಂದರು ಅವರು. ಆಮೇಲೆ ಮುಖ ಸಣ್ಣ ಮಾಡಿಕೊಂಡು, "ಹಾಗಾದ್ರೆ ಪೂಜೆಗೆ ಆಗಲ್ವಾ?" ಅಂತ ಅವನ ಕಡೆ ನೋಡಿದರು. ನನ್ನ ಕಡೆ ಅಲ್ಲ, ಅವನ ಕಡೆ. ಅವನು ನಕ್ಕು ಭುಜ ಹಾರಿಸಿದ.

ಗಲಾಟೆ ಕೇಳಿ ಒಳಗಿಂದ ಅತ್ತೆ ಬಂದರು. ನಾವೆಲ್ಲ ಅವರನ್ನ ಅಜ್ಜಿ ಅಂತಿದ್ದೆವು. "ಏನಮ್ಮ ಅದು ರಂಪ?" ಅಂತ ಕೇಳಿದರು. ಅವರಿಗೆ ಹುಳ, ಔಷಧಿ ಅಂತೆಲ್ಲ ಹೇಳ್ತಾ ಕೂರೋದಕ್ಕಿಂತ ಅವರ ಮಾತಿನಲ್ಲೇ ಹೇಳೋಣ ಅಂದುಕೊಂಡೆ.

"ನೋಡಿ ಅಜ್ಜೀ, ಒಳಗಿನ ಟ್ಯಾಂಕಿನ ನೀರು ಮಡಿ. ಈ ಮೀನು ಮೈಲಿಗೆ. ಮೈಲಿಗೆ ಕಳೆಯೋವರೆಗೂ ಇದು ಮಡಿ ನೀರಿಗೆ ಬರೋ ಹಾಗಿಲ್ಲ. ಇದನ್ನ ಮುಟ್ಟಿದ ಕೈ, ಬಕೆಟ್ಟು, ಬಟ್ಟೆ, ಯಾವ್ದೂ ಒಳಗಿನದಕ್ಕೆ ತಾಗಬಾರ್ದು."

"ಹೊರಗೆ ಕೂತಿದೆ ಅನ್ನು," ಅಂದರು ಅಜ್ಜಿ. "ಅಷ್ಟು ಹೇಳೋಕೆ ಇಷ್ಟು ಕೂಗಾಟವಾ? ಹಿಂದಿನ ಬಚ್ಚಲುಮನೆ ಖಾಲಿ ಇದೆ, ಅಲ್ಲಿ ಕೂರ್ಸು."

ತಾಯಂದಿರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಡಾಕ್ಟರಮ್ಮ ತಲೆಯಾಡಿಸಿ ಒಪ್ಪಿದರು. ಮದರಾಸಿನವನೂ "ಗೆದ್ರಿ ಬಿಡಿ ಅಕ್ಕಾ" ಅಂದ. ಆವತ್ತು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಬಚ್ಚಲುಮನೆಯಲ್ಲಿ ಎರಡಡಿಯ ಬರಿಗಾಜಿನ ಟ್ಯಾಂಕ್ ಇಟ್ಟೆ. ಮರಳಿಲ್ಲ, ಬಂಡೆಯಿಲ್ಲ, ಯಾಕಂದರೆ ಅವು ಔಷಧಿ ಹೀರಿಕೊಂಡುಬಿಡುತ್ತವೆ. ಮೀನು ಅವಿತುಕೊಳ್ಳೋಕೆ ಪ್ಲಂಬಿಂಗ್ ಅಂಗಡಿಯ ಪೈಪಿನ ತುಂಡು. ಒಂದು ಹೀಟರು, ಒಂದು ಸ್ಪಂಜಿನ ಫಿಲ್ಟರು. ಆ ಸ್ಪಂಜನ್ನ ಮೊದಲೇ ಹಜಾರದ ಟ್ಯಾಂಕಿನಲ್ಲಿ ಹಾಕಿಟ್ಟು ಹದ ಮಾಡಿದ್ದೆ, ಮೀನಿನ ಗಲೀಜು ತಿನ್ನೋ ಬ್ಯಾಕ್ಟೀರಿಯಾ ಅದರಲ್ಲಿ ಮನೆ ಮಾಡಲಿ ಅಂತ. ಕೆಂಪು ಬಕೆಟ್ ಹೊರಗಿನದಕ್ಕೆ, ನೀಲಿ ಬಕೆಟ್ ಒಳಗಿನದಕ್ಕೆ. ಬಲೆ ಬೇರೆ, ಟವೆಲ್ ಬೇರೆ. ಮೊದಲು ಹಜಾರದ ಕೆಲಸ ಮುಗಿಸಿಯೇ ಬಚ್ಚಲುಮನೆಗೆ ಹೋಗಬೇಕು. ಬಚ್ಚಲುಮನೆ ಆದಮೇಲೆ ಹಜಾರದ ಟ್ಯಾಂಕ್ ಮುಟ್ಟದೆ ನೇರ ಮನೆಗೆ. ಇಷ್ಟು ಕಟ್ಟಳೆ ನಾನೇ ಮಾಡಿ ನಾನೇ ಪಾಲಿಸ್ತಿದ್ದೆ. ಔಷಧಿಯ ಸೀಸೆಯನ್ನ ಕಿಟಕಿಯ ಮೇಲಿನ ಹಲಗೆಯಲ್ಲಿಟ್ಟೆ. ನೋಡೋಕೆ ನೀಲಿ, ಮನೆಯವರೆಲ್ಲ ಅದನ್ನ ನೀಲಿ ಔಷಧಿ ಅಂತಲೇ ಕರೀತಿದ್ದರು.

ಒಂದು ವಾರ ಕಳೆಯೋದರೊಳಗೆ ಮೀನಿನ ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ದೇವರಾಣೆ, ನನಗೆ ಖುಷಿಯಾಯ್ತು. ಪಾಪದ ಮೂಕಪ್ರಾಣಿ, ಮೈ ಉಜ್ಜಿಕೊಂಡು ಒದ್ದಾಡ್ತಿದೆ, ನಾನು ಟಾರ್ಚ್ ಬಿಟ್ಟು ನೋಡಿ ಹಲ್ಲು ಕಿರಿದೆ. ಅಂಗಡಿಗೆ ಹೋದವಳೇ ಯಜಮಾನರ ಕುರ್ಚಿಯ ಮುಂದೆ ನಿಂತು, ಪಕ್ಕದ ಕುರ್ಚಿಗೂ ಕೇಳೋ ಹಾಗೆ ಹೇಳಿದೆ. ಅವನು ಮುಖ ಗಂಭೀರ ಮಾಡಿಕೊಂಡು, "ಒಳ್ಳೇದೇ ಆಯ್ತು ಅಕ್ಕಾ, ಬಿಡದೇ ಇದ್ದಿದ್ದು" ಅಂದ. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು ಹೋದವಳಿಗೆ ಹಾಗಂದುಬಿಟ್ಟರೆ ಏನು ಮಾಡೋದು?

ಔಷಧಿ ಶುರು ಮಾಡಿದೆ. ಹನಿ ಹನಿಯಾಗಿ ಹಾಕಬೇಕು, ದಿನಾ ಪರೀಕ್ಷಿಸಬೇಕು. ಕಡಿಮೆಯಾದರೆ ರೋಗ ಸಾಯಲ್ಲ, ಜಾಸ್ತಿಯಾದರೆ ಮೀನೇ ಸಾಯುತ್ತೆ. ಆ ಹಾಳು ಔಷಧಿ ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಕುಗ್ಗಿಸಿತು, ನೀರಲ್ಲಿ ಅಮೋನಿಯಾ ಏರಿತು. ದಿನಾ ಬಂದು ಅರ್ಧ ನೀರು ತೆಗೆದು, ಉಪ್ಪು ಬೆರೆಸಿದ ಹೊಸ ನೀರು ಹಾಕಿ, ಆ ನೀರಿಗೆ ಮತ್ತೆ ಅಳತೆಯ ಔಷಧಿ. ಕರೆಂಟ್ ಹೋದರೆ ಬ್ಯಾಟರಿ ಪಂಪ್ ಹಿಡಿದು ಕೂರಬೇಕು. ಚಾಮರಾಜಪೇಟೆಗೂ ಮಲ್ಲೇಶ್ವರಕ್ಕೂ ಬಸ್ಸಲ್ಲಿ ನೇತಾಡಿ ನೇತಾಡಿ ನನ್ನ ಸೊಂಟ ಬಿದ್ದುಹೋಯ್ತು. ಚುಕ್ಕೆಯೇನೋ ಮಾಯವಾಗ್ತಾ ಬಂತು, ಮೀನು ಮಾತ್ರ ಊಟ ಬಿಟ್ಟಿತ್ತು. ಸಿಗಡಿ ಅರೆದು ಕೊಟ್ಟೆ, ಪಾಲಕ್ ಬೇಯಿಸಿ ಕ್ಲಿಪ್ಪಿಗೆ ಸಿಕ್ಕಿಸಿದೆ, ಬೇಡಿಕೊಂಡೆ, ಬೈದೆ. ಪೈಪಿನೊಳಗಿಂದ ಹೊರಗೇ ಬರಲಿಲ್ಲ. ಹೊಟ್ಟೆ ಒಳಕ್ಕೆ ಹೋಗಿ, ಬೆನ್ನು ಚೂರಿಯ ಹಾಗೆ ಕಾಣೋಕೆ ಶುರುವಾಯ್ತು.

ಡಾಕ್ಟರಮ್ಮ ನನಗೆ ಹೇಳದೆ ಮದರಾಸಿನವನಿಗೆ ಫೋನ್ ಮಾಡಿದರು. ಅವನು ಕರೀ ಕಾಗದದ ಹಾಗಿದ್ದ ಒಣಗಿದ ಕಡಲಸೊಪ್ಪು ತಂದ, ಅಡಿಗೆಮನೆಯಿಂದ ಒಂದು ಎಸಳು ಬೆಳ್ಳುಳ್ಳಿ ಕೇಳಿದ. ಬೆಳ್ಳುಳ್ಳಿ ಅಂದ ಕೂಡಲೇ ಅಜ್ಜಿ ಮೂಗು ಮುಚ್ಚಿಕೊಂಡು ಒಳಗೆ ಹೋದರು, ಕ್ಲಿನಿಕ್ಕಿನ ಆಯಾ ಓಡಿಹೋಗಿ ಪಕ್ಕದ ಮನೆಯಿಂದ ತಂದುಕೊಟ್ಟಳು. ಸೊಪ್ಪಿಗೆ ಬೆಳ್ಳುಳ್ಳಿ ಉಜ್ಜಿ, ತೋಳು ಮಡಿಸಿ, ಕೈ ನೀರಿಗೆ ಇಳಿಬಿಟ್ಟು ಸುಮ್ಮನೆ ನಿಂತ. ಮೀನಿನ ಕಡೆ ನೋಡಲೂ ಇಲ್ಲ. ಡಾಕ್ಟರಮ್ಮನ ಹತ್ತಿರ ಅದೇನೋ ಸಮುದ್ರದ ಕಥೆ ಹೇಳ್ತಾ ಇದ್ದ. ಮೀನು ಪೈಪಿನಿಂದ ಮೂತಿ ತೂರಿಸಿತು. ಬಂತು. ಮೂಸಿತು. ಆಮೇಲೆ ಚಟ್ ಅಂತ ಕಿತ್ತು ತಿಂತು, ಇನ್ನೊಂದು ತುಂಡಿಗೆ ಬಂತು.

"ಏನ್ ಕೈಗುಣ ರೀ ನಿಮ್ದು!" ಅಂದರು ಡಾಕ್ಟರಮ್ಮ.

ನನ್ನ ಮೈಯೆಲ್ಲ ಉರಿದುಹೋಯ್ತು. ನಾನು ದಿನಾ ಬಗ್ಗಿ ಬಗ್ಗಿ ನೀರು ತೆಗೆದದ್ದು, ಹನಿ ಎಣಿಸಿದ್ದು, ಯಾವುದೂ ಕೈಗುಣ ಅಲ್ಲ. ಇವನು ಕೈ ಇಳಿಬಿಟ್ಟು ಕಥೆ ಹೇಳಿದ್ದು ಕೈಗುಣ! ಮೀನಿನ ಮೇಲೂ ಸಿಟ್ಟು ಬಂತು. ಬದುಕಿಸಿದವಳು ನಾನು ಕಣೇ, ನಿನಗೆ ಗೊತ್ತಾಗಲ್ವಾ ಅಂತ ಕೇಳಬೇಕು ಅನ್ನಿಸಿತು. ಅವನು ಅಲ್ಲಿಂದ ಹೋಗ್ತಾ ಹಜಾರದಲ್ಲಿ ನನ್ನ ಹೂವನ್ನ ಬಗ್ಗಿ ನೋಡ್ತಾ ನಿಂತ.

"ಕೈ ತೊಳ್ಕೊಂಡ್ಯಾ?" ಅಂತ ಕೂಗಿದೆ.

"ಸೋಪ್ ಹಾಕಿ ತೊಳ್ಕೊಂಡೆ ಅಕ್ಕಾ."

ಅವತ್ತಿನಿಂದ ಮೀನಿಗೆ ತಿನ್ನಿಸೋ ಕೆಲಸ ಅವನದಾಯ್ತು. ನಾನು ಇಲ್ಲದ ಹೊತ್ತಲ್ಲೂ ಬಂದು ಹೋಗ್ತಿದ್ದ. ಆಯುಧಪೂಜೆ ನೀಲಿ ಮೀನಿಲ್ಲದೇ ಮುಗಿಯಿತು. ಅಜ್ಜಿ ಹಜಾರದ ಟ್ಯಾಂಕಿಗೆ ಕುಂಕುಮ ಇಟ್ಟು ಆರತಿ ಎತ್ತಿದರು. ಬಚ್ಚಲುಮನೆಯ ಬಾಗಿಲಲ್ಲೇ ನಿಂತು, "ನಿನಗೆ ಮುಂದಿನ ಸಲ" ಅಂತ ಮೀನಿಗೆ ಸಮಾಧಾನ ಹೇಳಿದರು.

ಪೂಜೆ ಆಗಿ ಸ್ವಲ್ಪ ದಿನಕ್ಕೆ ಹಜಾರದ ಟ್ಯಾಂಕಿನಲ್ಲಿ ಸಾಕಿದ್ದ ಒಂದೇ ಸಿಗಡಿ ಸತ್ತು ಬಿದ್ದಿತ್ತು. ವಯಸ್ಸಾಗಿತ್ತೇನೋ ಅಂದುಕೊಂಡೆ. ಆಮೇಲೆ ಬಸವನಹುಳುಗಳು ಗಾಜಿನಿಂದ ಒಂದೊಂದೇ ಉದುರಿದವು. ಆಮೇಲೆ ನನ್ನ ಹೂವು ಬೆರಳು ಮಡಚಿಕೊಳ್ತು. ಬೆಳಿಗ್ಗೆ ಲೈಟ್ ಹಾಕಿದರೆ ಅರಳುತ್ತಿದ್ದದ್ದು, ಹಿಂಡಿದ ಬಟ್ಟೆಯ ಹಾಗೆ ಮುದುಡಿ ಕೂತಿತ್ತು. ಕ್ಲೌನ್ ಮೀನುಗಳು ಮಾತ್ರ ಗಟ್ಟಿಮುಟ್ಟಾಗಿ ಅದರ ಸುತ್ತ ಸುತ್ತಿ, ಮೂತಿಯಿಂದ ತಿವಿದು ಎಬ್ಬಿಸ್ತಾ ಇದ್ದವು. ಮೀನು ಚೆನ್ನಾಗಿದೆ, ಮೂಳೆಯಿಲ್ಲದವೆಲ್ಲ ಸಾಯ್ತಿವೆ. ತಾಮ್ರದ ಪರೀಕ್ಷೆಯ ಕಿಟ್ ತೆಗೆದು, ಹಜಾರದ ನೀರನ್ನ ಗಾಜಿನ ಕೊಳವೆಗೆ ಹಾಕಿ, ಹನಿ ಬಿಟ್ಟು, ಬಿಳಿ ಕಾಗದದ ಮುಂದೆ ಹಿಡಿದೆ. ತೆಳುವಾಗಿ ನೀಲಿ ಬಂತು. ಬರಬಾರದಿತ್ತು.

ಹಲಗೆಯ ಮೇಲಿನ ನೀಲಿ ಸೀಸೆ, ನಾನಿಲ್ಲದಾಗ ಬರೋ ಅವನು, ಅವನ ಒದ್ದೆ ಕೈ. ಇನ್ನೇನು ಬೇಕಿತ್ತು ನನಗೆ? ಯಜಮಾನರನ್ನ ಕರೆಸಿ ಕೊಳವೆ ತೋರಿಸಿದೆ. ಅವನ ಹೆಸರು ನಾನು ಎತ್ತಲೇ ಇಲ್ಲ, ಎತ್ತೋ ಅಗತ್ಯವೂ ಬೀಳಲಿಲ್ಲ. ಯಜಮಾನರ ಮುಖ ಕೆಂಪಾಯ್ತು. "ನೀಲಿ ಮೀನಿನ ರೋಗ ಇಲ್ಲಿಗೂ ಬರುತ್ತೆ ಅಂತ ಹೆದರಿ ಇದಕ್ಕೂ ಔಷಧಿ ಹಾಕಿರ್ತಾನೆ," ಅಂದರು. ಅವನು "ನಾನು ಮುಟ್ಟಿಲ್ಲ ಸಾರ್" ಅಂದನಂತೆ. ಇನ್ನುಮೇಲೆ ಆ ಮನೆ ಮೆಟ್ಟಿಲು ಹತ್ತಬೇಡ ಅಂತ ಅವನಿಗೆ ಹೇಳಿದರು. ಮಾರನೇ ದಿನ ಅವನು ಅಂಗಡಿಗೂ ಬರಲಿಲ್ಲ, ಆ ಕುರ್ಚಿ ಖಾಲಿ ಇತ್ತು. ನಾನು ಅದರ ಮೇಲೆ ಕೂತು ಕಾಫಿ ಕುಡಿದೆ, ಹೂವು ಸಾಯ್ತಾ ಇರೋವಾಗಲೂ ಆ ಕಾಫಿ ರುಚಿಯಾಗಿತ್ತು.

ಕ್ಲಿನಿಕ್ಕಿನಲ್ಲಿ ಬೇಕಾದಷ್ಟು ನೀರು ಬದಲಾಯಿಸಿದೆ, ಇದ್ದಿಲು ತುಂಬಿದ ಚೀಲ ಫಿಲ್ಟರಿಗಿಟ್ಟೆ. ಎರಡು ದಿನ ಬಿಟ್ಟು ಪರೀಕ್ಷಿಸಿದರೆ ಬಣ್ಣ ಇಳಿದಿತ್ತು. ಸರಿ, ಕಳ್ಳ ಸಿಕ್ಕಿದ ಅಂದುಕೊಂಡೆ. ಮತ್ತೆ ನಾಲ್ಕಾರು ದಿನ ಬಿಟ್ಟು ಪರೀಕ್ಷಿಸಿದೆ. ಬಣ್ಣ ಮತ್ತೆ ಏರಿತ್ತು! ಅವನು ಈ ಕಡೆ ತಲೆಯೂ ಹಾಕಿರಲಿಲ್ಲ. ನೀಲಿ ಸೀಸೆಯನ್ನ ನಾನೇ ಮನೆಗೆ ಒಯ್ದಿಟ್ಟಿದ್ದೆ. ಅವನಲ್ಲ ಅಂತ ನನ್ನ ಬುದ್ಧಿಗೆ ಆ ಕ್ಷಣವೇ ಹೊಳೀತು, ಮನಸ್ಸಿಗೆ ಮಾತ್ರ ಒಪ್ಪೋಕೆ ಇಷ್ಟವಿರಲಿಲ್ಲ. ಅವನೇ ಆಗಿರಲಿ ದೇವರೇ ಅಂತ ಬೇಡಿಕೊಂಡೇ ಒಂದೊಂದನ್ನೂ ಪರೀಕ್ಷೆ ಮಾಡ್ತಾ ಹೋದೆ. ಉಪ್ಪು ಬೆರೆಸಿದ ಹೊಸ ನೀರು, ಏನಿಲ್ಲ. ಪಂಪು ಬಿಚ್ಚಿದೆ, ಒಳಗೆ ತಾಮ್ರದ ತಂತಿ ಎಲ್ಲೂ ನೀರಿಗೆ ತಾಗಿಲ್ಲ. ಉಳಿದದ್ದು ಮೇಲುನೀರು ಒಂದೇ.

ಉಪ್ಪುನೀರಿನ ಟ್ಯಾಂಕಿನಲ್ಲಿ ದಿನಾ ನೀರು ಆವಿಯಾಗಿ ಇಳಿಯುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಇಳಿದಷ್ಟು ಜಾಗಕ್ಕೆ ದಿನಾ ಬರೀ ಶುದ್ಧ ನೀರು ತುಂಬಬೇಕು. ಫಿಲ್ಟರ್ ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನ್ ಒಂದನ್ನ ಹಜಾರದ ಮೂಲೆಯಲ್ಲಿಟ್ಟು, ಆ ಕೆಲಸ ಆಯಾಗೆ ಒಪ್ಪಿಸಿದ್ದೆ. ಹೋಗಿ ನೋಡಿದರೆ ಕ್ಯಾನ್ ಒಣಗಿ ಧೂಳು ಹಿಡಿದಿತ್ತು.

"ಮೀನಿಗೆ ಯಾವ ನೀರು ಹಾಕ್ತಿದೀಯಾ?" ಅಂತ ಆಯಾಳನ್ನ ಕೇಳಿದೆ.

"ಅಜ್ಜಿಯವ್ರು ಒಳಗಿಂದ ಕೊಡ್ತಾರಲ್ಲ, ಅದನ್ನೇ."

ಒಳಗೆ ಹೋದೆ. ಅಜ್ಜಿ ದೇವರಮನೆಯ ಮುಂದೆ ಬತ್ತಿ ಹೊಸೀತಾ ಕೂತಿದ್ದರು. ಪಕ್ಕದಲ್ಲಿ ತಾಮ್ರದ ಕೊಳಗ, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೀತಿತ್ತು. ತುಂಬ ನೀರು.

"ಅಜ್ಜೀ, ಮೀನಿಗೆ ಈ ನೀರು ಕೊಡ್ತಿದೀರಾ?"

"ಹೂಂ. ನೀನೇ ಹೇಳಿದ್ಯಲ್ಲಮ್ಮ, ಒಳಗಿನ ನೀರು ಮಡಿ ಅಂತ. ಪ್ಲಾಸ್ಟಿಕ್ ಕ್ಯಾನಲ್ಲಿ ಎಲ್ಲಾದ್ರೂ ಮಡಿ ನೀರು ಇರುತ್ತಾ? ಅವತ್ತಿಂದ ದಿನಾ ಇದ್ರಲ್ಲೇ ತುಂಬಿಟ್ಟು ಕೊಡ್ತಿದೀನಿ. ನಿನ್ನ ಕೆಲಸ ಇನ್ನೂ ಚೊಕ್ಕ ಆಗ್ಲಿ ಅಂತ."

ಮಡಿ ಮೈಲಿಗೆ ಅಂತ ಜಾಣತನ ತೋರಿಸಿದವಳು ನಾನು. ಅಜ್ಜಿಯ ಮುಂದೆ ಔಷಧಿಗೆ ತಾಮ್ರ ಅನ್ನದೆ ನೀಲಿ ಔಷಧಿ ಅಂತ ಕರೆಯೋಕೆ ಬಿಟ್ಟವಳೂ ನಾನು. ಕೊಳಗದ ನೀರು ತೆಗೆದು ಹನಿ ಬಿಟ್ಟೆ. ಗಾಢ ನೀಲಿ.

ಬಚ್ಚಲುಮನೆಯ ಹೊಸ್ತಿಲ ಮೇಲೆ ಹೋಗಿ ಕೂತೆ. ಸುಳ್ಳು ಯಾಕೆ ಹೇಳಲಿ, ಮೊದಲು ಬಂದ ಯೋಚನೆ ಇದು: ಅಜ್ಜಿಗೆ ಮೆತ್ತಗೆ ಹೇಳಿ ಕೊಳಗ ನಿಲ್ಲಿಸಿಬಿಟ್ಟರೆ ಸಾಕು. ಟ್ಯಾಂಕ್ ಸರಿಹೋಗುತ್ತೆ, ಅಜ್ಜಿಗೂ ಬೈಗುಳ ತಪ್ಪುತ್ತೆ, ಕುರ್ಚಿ ಖಾಲಿಯೇ ಇರುತ್ತೆ. ಎಷ್ಟು ಸುಲಭ! ಆದರೆ ಟ್ಯಾಂಕ್ ತೊಳೆದು ತೊಳೆದು ತಾಮ್ರ ಪೂರ್ತಿ ಹೋಗೋಕೆ ವಾರಗಳು ಬೇಕು. ಹೂವಿಗೆ ಅಷ್ಟು ಆಯಸ್ಸಿರಲಿಲ್ಲ. ಅದರ ಬಾಯಿ ಸಡಿಲವಾಗಿ ತೆರೆದುಕೊಂಡಿತ್ತು, ಆ ಲಕ್ಷಣ ನನಗೆ ಗೊತ್ತು. ಅದಕ್ಕೆ ಅವತ್ತೇ ತಾಮ್ರವಿಲ್ಲದ, ಹಳೇ ಹದದ ಉಪ್ಪುನೀರು ಬೇಕಿತ್ತು. ನನಗೆ ತಿಳಿದ ಹಾಗೆ ಅಂಥ ಇನ್ನೊಂದು ಟ್ಯಾಂಕ್ ಇದ್ದದ್ದು ಅವನ ಮನೆಯಲ್ಲಿ. ಹೂವು ಉಳೀಬೇಕಾದರೆ ಅವನ ಮನೆ ಬಾಗಿಲಿಗೆ ಹೋಗಬೇಕು. ಕಳ್ಳನ ಪಟ್ಟ ಕಟ್ಟಿ ಅವನ ಬಾಗಿಲಿಗೆ ಹೇಗೆ ಹೋಗೋದು?

ಎದ್ದು ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ಅವರ ಮುಂದೆಯೇ ಕ್ಲಿನಿಕ್ಕಿನ ಫೋನಿನಿಂದ ಯಜಮಾನರಿಗೂ ಹೇಳಿದೆ, "ಅವನು ಮುಟ್ಟಿಲ್ಲ ಸಾರ್, ತಾಮ್ರ ಬಂದಿದ್ದು ಕೊಳಗದಿಂದ." ಒಂದೊಂದು ಮಾತೂ ಹಾಗಲಕಾಯಿ. ಆಮೇಲೆ ಅವನ ಮನೆ ಮಾಲೀಕರ ಫೋನಿಗೆ ಮಾಡಿ ಅವನನ್ನ ಕರೆಸಿದೆ. ಎಲ್ಲ ಹೇಳಿ, ಎರಡು ಮಾತು ಅನ್ನಿಸಿಕೊಳ್ಳೋಕೆ ಹಲ್ಲು ಕಚ್ಚಿ ನಿಂತೆ.

"ಹೌದಾ ಅಕ್ಕಾ?" ಅಂದ. "ಹೂವು ಹೇಗಿದೆ? ಬೇಗ ತಂದ್ಬಿಡಿ, ನಾನು ಜಾಗ ಮಾಡಿರ್ತೀನಿ."

ಅಷ್ಟೇ. ಬೈದಿದ್ದರೆ ಎಷ್ಟೋ ಹಗುರ ಆಗಿರೋದು.

ಹೂವಿನ ಪಾದವನ್ನ ಬಂಡೆಯಿಂದ ಬಿಡಿಸೋದು ಎಳೆದು ಮಾಡೋ ಕೆಲಸ ಅಲ್ಲ, ಹರಿದರೆ ಸತ್ತಿತು. ಉಗುರನ್ನ ಅಂಚಿನಲ್ಲಿ ತೂರಿಸಿ, ಬಿಟ್ಟು, ಅದು ಸಡಿಲ ಮಾಡಿದಷ್ಟೇ ಮುಂದೆ ಹೋಗಬೇಕು. ಕ್ಲೌನ್ ಮೀನುಗಳು ನನ್ನ ಕೈ ಕಚ್ತಾನೇ ಇದ್ದವು. ಬಿಡಿಸಿ ಬಕೆಟ್ಟಿಗೆ ಹಾಕಿ, ತಟ್ಟೆ ಮುಚ್ಚಿ, ಆಟೋ ಹತ್ತಿದೆ. "ಏನ್ ಮೇಡಂ, ಸಾರಾ?" ಅಂತ ಕೇಳಿದ ಆಟೋದವನು. "ಜೀವ ಇದೆ ಕಣಪ್ಪಾ, ಹಂಪ್ಸ್ ನೋಡ್ಕೊಂಡ್ ಹೋಗು" ಅಂದೆ. ಪಾಪ, ತ್ಯಾಗರಾಜನಗರದವರೆಗೂ ಬಾಣಂತಿಯನ್ನ ಕರ್ಕೊಂಡು ಹೋಗೋ ಹಾಗೆ ಓಡಿಸಿದ.

ಮಹಡಿಯ ಒಂದೇ ಕೋಣೆ, ಅದರಲ್ಲಿ ಅರ್ಧ ಅವನ ಟ್ಯಾಂಕ್. ತಾರಸಿಯ ಕಡೆಯಿಂದ ಬಿಸಿಲು ಬೀಳ್ತಿತ್ತು. ಅವನ ಟ್ಯಾಂಕಿನ ನೀರನ್ನ ಸಣ್ಣ ಟ್ಯೂಬಿನಲ್ಲಿ ತೊಟ್ಟು ತೊಟ್ಟಾಗಿ ನನ್ನ ಬಕೆಟ್ಟಿಗೆ ಇಳಿಸಿ, ನೀರಿಗೆ ನೀರು ಹೊಂದಿದ ಮೇಲೆ ಹೂವನ್ನ ಬಿಟ್ಟೆವು. ತಳದ ದೊಡ್ಡ ಬಂಡೆಯ ಮೇಲೆ ಮುದ್ದೆಯಾಗಿ ಬಿದ್ದುಕೊಳ್ತು. ಅವನ ಟ್ಯಾಂಕಿನಲ್ಲಿ ಹತ್ತಾರು ಮೀನುಗಳಿದ್ದವು. ಒಂದನ್ನೂ ಹೊರಗೆ ಕೂರಿಸಿದವನಲ್ಲ, ಆದರೂ ಎಲ್ಲ ಮಿಣಮಿಣ ಅಂತಿದ್ದವು. ನೋಡಿ ನೋಡಿ ನನಗೆ ಸಂಕಟವಾಗಿ, ಕಾಫಿಗೆ ನಿಲ್ಲದೆ ಬಂದುಬಿಟ್ಟೆ.

ಆಮೇಲಿನದು ಬರೀ ದುಡಿತ. ಇದ್ದಿಲು ಬದಲಾಯಿಸಿದೆ, ನೀರು ಬದಲಾಯಿಸಿದೆ, ಪರೀಕ್ಷೆ ಮಾಡಿದೆ. ಅಜ್ಜಿ "ಮಡಿಗೆ ಪ್ಲಾಸ್ಟಿಕ್ಕೇ ಆಗ್ಬೇಕಂತೆ, ಕಲಿಗಾಲ" ಅಂತ ಗೊಣಗಿ ಕ್ಯಾನಿಗೆ ಒಪ್ಪಿದರು. ಅವನು ತನ್ನ ಕುರ್ಚಿಗೂ, ನೀಲಿ ಮೀನಿಗೆ ತಿನ್ನಿಸೋಕೂ ವಾಪಸ್ ಬಂದ. ಬಣ್ಣ ಪೂರ್ತಿ ಹೋದ ಮೇಲೆ ಒಂದೇ ಒಂದು ಬಸವನಹುಳು ಬಿಟ್ಟು ನೋಡಿದೆ, ಅದು ಗಾಜು ಹತ್ತಿ ಆರಾಮಾಗಿ ಮೇಯ್ತು. ಅಷ್ಟರಲ್ಲಿ ನೀಲಿ ಮೀನಿನ ಮೈಲಿಗೆಯೂ ಕಳೆದಿತ್ತು, ಒಂದು ಚುಕ್ಕೆ ಇಲ್ಲದೆ ಮೈ ತುಂಬಿಕೊಂಡಿತ್ತು. ಹಜಾರದ ಟ್ಯಾಂಕಿಗೆ ಬಿಟ್ಟ ದಿನ ಮಕ್ಕಳ ಕೂಗಾಟಕ್ಕೆ ಡಾಕ್ಟರಮ್ಮನೇ ಎದ್ದು ಬಂದರು. ಕ್ಲೌನ್ ಮೀನುಗಳು ಮಾತ್ರ ಹೂವಿದ್ದ ಜಾಗದಲ್ಲಿ, ಬರೀ ಬಂಡೆಗೆ ಮೈ ಉಜ್ಜಿಕೊಂಡು ಇದ್ದವು. ಇನ್ನು ಹೂವನ್ನ ತರೋದೊಂದೇ ಬಾಕಿ.

ನೀಲಿ ಬಕೆಟ್ ಹಿಡಿದು ತ್ಯಾಗರಾಜನಗರಕ್ಕೆ ಹೋದೆ. ಅವನು ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ನನ್ನ ಹೂವು ಬಿಸಿಲಿನಲ್ಲಿ ಅರಳಿ ನಿಂತಿತ್ತು. ನನ್ನ ಹತ್ತಿರ ಇದ್ದಾಗ ಊಟದ ತಟ್ಟೆ, ಇಲ್ಲಿ ಮೊರದಗಲ. ಬೆರಳ ತುದಿಗೆಲ್ಲ ನೇರಳೆ ಬಣ್ಣ ಬಂದಿತ್ತು, ನಾನು ಅಷ್ಟು ವರ್ಷ ಸಾಕಿದರೂ ಒಂದು ದಿನ ಕಾಣದ ಬಣ್ಣ. ಅವನ ಎರಡು ಮೀನು ಅದರೊಳಗೆ ಹೊರಳಾಡ್ತಿದ್ದವು. ತವರಿಗೆ ಕರೆಯೋಕೆ ಹೋದರೆ ಮಗಳು ಗಂಡನ ಮನೆಯಲ್ಲಿ ಕುಣೀತಾ ಇದ್ದ ಹಾಗೆ.

"ಪಾದ ಬಂಡೆಯ ಬಿರುಕಿನೊಳಗೆ ಇಳಿಸಿಬಿಟ್ಟಿದೆ ಅಕ್ಕಾ, ಬಿಡಿಸೋಕಾಗಲ್ಲ," ಅಂದ ಅವನು. "ಅದಕ್ಕೆ ಉಳಿ ಸುತ್ತಿಗೆ ತಂದಿಟ್ಟಿದೀನಿ. ಬಂಡೆ ಒಡೆದು ತುಂಡಿನ ಸಮೇತ ಕೊಡ್ತೀನಿ. ನಿಮ್ಮದೇ ಅಲ್ವಾ."

ಆ ಬಂಡೆ ಅವನ ಟ್ಯಾಂಕಿನ ಬುನಾದಿ. ಅದನ್ನ ಒಡೆದರೆ ಮೇಲಿನದೆಲ್ಲ ಇಳಿಸಿ ಹೊಸದಾಗಿ ಕಟ್ಟಬೇಕು. ಅವನು ಆಗಲೇ ತೋಳು ಮಡಿಸಿದ್ದ. ನಾನು ಯೋಚನೆ ಮಾಡಿದೆ. ಪರೀಕ್ಷೆಯಾಗದ ಮೀನುಗಳ ಜೊತೆ ಇದ್ದ ಹೂವು ಇದು. ರೋಗ ಹೂವಿಗೆ ಬರಲ್ಲ, ಆದರೆ ಅದರ ಬಂಡೆಗೆ ಅಂಟಿಕೊಂಡು ಬರಬಹುದು. ನನ್ನ ಕಟ್ಟಳೆಯ ಪ್ರಕಾರ ಇದೂ ಈಗ ಮೈಲಿಗೆ. ಮೀನಿಲ್ಲದ ಬೇರೆ ಟ್ಯಾಂಕಿನಲ್ಲಿ ವಾರಗಟ್ಟಲೆ ಹೊರಗೆ ಕೂರಿಸಬೇಕು. ಬಚ್ಚಲುಮನೆಯ ಟ್ಯಾಂಕಿಗೆ ತಾಮ್ರ ಹತ್ತಿಹೋಗಿದೆ, ಹೊಸದು ತಂದರೂ ಆ ಕತ್ತಲೆ ಮೂಲೆಗೆ ಬಿಸಿಲಿಲ್ಲ. ಒಂದು ಸಲ ವಿಷ ಕುಡಿದು ಎದ್ದ ಜೀವ, ಇನ್ನೊಂದು ಸಲ ಬುಡ ಕಿತ್ತರೆ ತಡೆಯುತ್ತಾ? ಸೀದಾ ಒಯ್ದು ಹಜಾರಕ್ಕೆ ಬಿಡಬಹುದಿತ್ತು. ಕೇಳೋರು ಯಾರೂ ಇರಲಿಲ್ಲ, ಅವನೂ ಬೇಡ ಅನ್ನುತ್ತಿರಲಿಲ್ಲ. ನೀಲಿ ಮೀನನ್ನ ಹೊರಗೆ ಕೂರಿಸಿದವಳು ನಾನು. ಹೂವು ನನ್ನದು ಅಂತ ಅದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯ ಮಾಡೋಕಾಗುತ್ತಾ?

"ಸುತ್ತಿಗೆ ಇಡಪ್ಪಾ," ಅಂದೆ. "ಅಲ್ಲೇ ಇರ್ಲಿ."

"ಅಕ್ಕಾ, ನಿಜವಾಗ್ಲೂ?"

"ಇರ್ಲಿ ಅಂದೆ ತಾನೆ. ಇನ್ನೊಂದ್ ಸಲ ಕೇಳಿದ್ರೆ ನಾನೇ ಬಂಡೆ ಒಡೀತೀನಿ."

ಖಾಲಿ ಬಕೆಟ್ ಹಿಡಿದು ಬಸ್ ಹತ್ತಿ ಮಲ್ಲೇಶ್ವರಕ್ಕೆ ಬಂದೆ. ಡಾಕ್ಟರಮ್ಮ ಕಾಯ್ತಾ ಇದ್ದರು. "ಎಲ್ಲಿ ನಮ್ಮ ಹೂವು?" ಅಂತ ಬಕೆಟ್ಟಿನೊಳಗೆ ಇಣುಕಿ ನೋಡಿದರು.

"ತರ್ಲಿಲ್ಲ ಮೇಡಂ. ಅವನ ಹತ್ರಾನೇ ಬಿಟ್ಟು ಬಂದೆ," ಅಂದೆ. "ಅಲ್ಲಿ ಚೆನ್ನಾಗಿದೆ. ನನ್ನ ಕೈಯಲ್ಲಿ ಇದ್ದಾಗಿನಕ್ಕಿಂತ ಚೆನ್ನಾಗಿದೆ."

ಅಷ್ಟು ಹೇಳಿ ಮುಗಿಸೋ ಹೊತ್ತಿಗೆ ನನ್ನ ಕಣ್ಣು ತುಂಬಿಬಂತು. ಅವರು ನನ್ನ ಬೆನ್ನು ಸವರಿ, "ಅಷ್ಟು ಹಚ್ಕೊಂಡಿದ್ರಿ, ದುಃಖ ಆಗೋದು ಸಹಜ" ಅಂದರು. ದುಃಖ ಅಲ್ಲ ಮೇಡಂ, ಹೊಟ್ಟೆಕಿಚ್ಚು ಅಂತ ಹೇಳೋಕೆ ಬಾಯಿ ಬರಲಿಲ್ಲ.